ಪೆನ್ಸಿಲ್ ಮೀನಿಗೆ ಸುರಂಗದ ನೀರು

ಕಾಸರಗೋಡು ಹಳೆ ಬಸ್‌ಸ್ಟ್ಯಾಂಡಿನ ಹಿಂಬದಿ
ನನ್ನದು ಪುಸ್ತಕ-ಪೆನ್ನಿನ ಅಂಗಡಿ, ಸೀದಿಕುಂಞಿಯದು ಮೀನಿನದು.
ನಡುವೆ ಹಲಗೆಯ ಗೋಡೆ, ಅದರಲ್ಲೊಂದು ಗಂಟು ಕಳಚಿದ ತೂತು.
ಗಿರಾಕಿಯಿಲ್ಲದ ಮಧ್ಯಾಹ್ನ ಆ ತೂತಿನಲ್ಲಿ
ಆಚೆಯ ನೀರು ಗುಳುಗುಳು ಮಾತಾಡುತ್ತದೆ.

“ಬಾ ಮಾರಾಯ್ತಿ, ನಿನ್ನ ಮಾಲು ನನಗೆ ಬಂದಿದೆ.”
ಹೋದೆ. ಗಾಜಿನೊಳಗೆ ಹನ್ನೆರಡು ಪೆನ್ಸಿಲು.
ಹೆರೆದು ಮೊನೆ ಮಾಡಿದ ಮೂತಿ,
ಪಕ್ಕೆಯುದ್ದಕ್ಕೂ ಸ್ಕೇಲಿಟ್ಟು ಎಳೆದ ಕಪ್ಪು ಗೆರೆ;
ತಲೆ ಮೇಲಕ್ಕೆ, ಮೈ ಓರೆ,
ಬರೆಯುತ್ತಿದ್ದವರು ಅರ್ಧಕ್ಕೇ ಎದ್ದು ಹೋದ ಹಾಗೆ
ನಿಂತಲ್ಲೇ ನಿಂತಿವೆ.

“ಅಮೆಜಾನಿನ ಕಡೆಯವು. ಮೆದು ನೀರು ಬೇಕು.
ಇಲ್ಲಿ ನಳದ ನೀರಿಗೆ ಔಷಧಿ ವಾಸನೆ,
ಬೇಸಿಗೆಯಲ್ಲಿ ಹೊಳೆಗೆ ಸಮುದ್ರ ಹತ್ತಿ ಉಪ್ಪು.
ನಿನ್ನಪ್ಪನ ಸುರಂಗ ಈಗಲೂ ಒಸರುತ್ತದಾ?”

ಒಸರುತ್ತದೆ. ಪೆರ್ಲದಾಚೆ ಗುಡ್ಡದ ಹೊಟ್ಟೆಯಲ್ಲಿ
ಎಪ್ಪತ್ತೆರಡು ಕೋಲು, ಕೂತೇ ಕೊರೆದದ್ದು.
ಮುರಕಲ್ಲಿಗೆ ಕಿವಿಯಿಟ್ಟು ಕೇಳುವುದು, ಮತ್ತೆ ಹಾರೆ.
ಮೇಣದಬತ್ತಿ ಆರಿದರೆ ಹಿಂದೆ ಬರಬೇಕು.
ಕಿವಿಯ ಮೇಲೆ ಬಡಗಿಗಳ ಚಪ್ಪಟೆ ಕೆಂಪು ಪೆನ್ಸಿಲು,
ಕೋಲಿಗೊಂದು ಗೀಟು ಗೋಡೆಗೆ.
ಅಪ್ಪ ಬರೆದದ್ದು ಅಷ್ಟೇ.

ಆವತ್ತಿನಿಂದ ಪ್ರತಿ ಸೋಮವಾರ ಎರಡು ಕ್ಯಾನು ನೀರು
ನನ್ನ ಜೊತೆ ಬಸ್ಸಿನಲ್ಲಿ.
“ಗಂಗೆಯಾ?” ಕೇಳಿದ ಕಂಡಕ್ಟರು.
“ಮೀನಿಗೆ” ಅಂದೆ. ಲಗೇಜು ಟಿಕೆಟು ಹರಿದ.
ಸೀದಿಕುಂಞಿ ರಸ್ತೆಬದಿಯ ಬಾದಾಮಿ ಮರದ
ಒಣ ಎಲೆ ಆಯ್ದು ತಂದು ಅದರಲ್ಲಿ ನೆನೆಹಾಕಿ
ಕಟ್ಟಂಚಾಯದ ಬಣ್ಣ ಬರಿಸುತ್ತಿದ್ದ.

ಜೂನ್ ತಿಂಗಳು, ಶಾಲೆ ಸುರುವಾಗುವ ಗಡಿಬಿಡಿ.
ರಾತ್ರಿ ಹತ್ತರವರೆಗೂ ಕಟ್ಟು ಬಿಚ್ಚುತ್ತಿದ್ದೆ.
“ಹೋಗುವಾಗ ನನ್ನ ಕಡೆ ಸ್ವಿಚ್ಚು ಒಮ್ಮೆ ನೋಡು” ಅಂದಿದ್ದ.
ಕತ್ತಲಲ್ಲಿ ಮೊಬೈಲ್ ಬೆಳಕು ಬಿಟ್ಟರೆ
ಒಂದರ ಮೈಯಲ್ಲೂ ಗೆರೆಯಿಲ್ಲ!
ಬಿಳಿಚಿ, ಅಲ್ಲೊಂದು ಇಲ್ಲೊಂದು ಮಸುಕು ಬೊಟ್ಟು.
ಕೈಕಾಲು ತಣ್ಣಗಾಯಿತು. ನಮ್ಮ ನೀರೇ ಕೊಂದಿತಾ?

ಫೋನಿನಲ್ಲಿ ನಕ್ಕ.
“ಮಲಗಿವೆ. ರಾತ್ರಿ ಅವು ಗೆರೆ ಅಳಿಸಿಕೊಳ್ಳುತ್ತವೆ,
ಬೆಳಗಾದರೆ ತಾವೇ ಎಳೆದುಕೊಳ್ಳುತ್ತವೆ. ನೀನೂ ಮಲಗು.”

ಮರಳಿ ಬಂದು ಬಾಗಿಲೆಳೆಯುವಾಗ
ಕಟ್ಟಿನ ಮೇಲಿತ್ತು ಮಕ್ಕಳ ತಿದ್ದುವ ಪುಸ್ತಕ,
ಬೊಟ್ಟು ಬೊಟ್ಟಾಗಿ ‘ಅ’.
ಕನ್ನಡದ್ದು ಒಂದು ಕಟ್ಟು, ಮಲಯಾಳದ್ದು ಒಂಬತ್ತು.
ಸುಮ್ಮನೆ ಒಂದು ಹಾಳೆ ತಿರುವಿ
ಬೆರಳಿನಲ್ಲೇ ತಿದ್ದಿದೆ.

ಆಮೇಲೆ ತಂದದ್ದು ಪೆನ್ಸಿಲಿನ ದಾಯಾದಿಗಳನ್ನು.
ಇವಕ್ಕೆ ನೀರಿನ ಮೇಲೆಯೇ ನಂಬಿಕೆಯಿಲ್ಲ.
ಗಂಡು ಹೆಣ್ಣು ಜೋಡಿಯಾಗಿ ಮೇಲಕ್ಕೆ ಹಾರಿ,
ಬಾಗಿದ ಎಲೆಯ ಅಡಿಗೆ ಮೈಯಂಟಿಸಿ,
ತತ್ತಿಯಿಟ್ಟು ಬೀಳುತ್ತವೆ; ಮತ್ತೆ ಹಾರುತ್ತವೆ.
ಹೆಣ್ಣು ಹೋಯಿತು ತನ್ನ ಪಾಡಿಗೆ.
ಗಂಡು ಮಾತ್ರ ಕೆಳಗೆ ಕಾವಲು,
ನಿಮಿಷಕ್ಕೊಮ್ಮೆ ಬಾಲ ಬೀಸಿ
ಎಲೆಗೆ ನೀರು ಎರಚಬೇಕು,
ಎರಡು ದಿನ, ಕೆಲವೊಮ್ಮೆ ಮೂರು.

ಕಣ್ಣಾಸ್ಪತ್ರೆಗೆ ಬಂದಿದ್ದ ಅಪ್ಪನನ್ನು
ಬಸ್ಸಿನ ಹೊತ್ತಿನವರೆಗೆ ಅಲ್ಲಿ ಕೂರಿಸಿದೆ.
ಕಣ್ಣಿಗೆ ಹಸಿರು ಬಟ್ಟೆ. “ಏನದು ಸದ್ದು?” ಅಂದರು.
ಹೇಳುವ ಮೊದಲೇ ಗಾಜಿಗೆ ಕಿವಿಯಿಟ್ಟಾಗಿತ್ತು.

ಚಿಳ್.
ಕಾದರು.
ನಾನು ಒಂದು ಡಜನ್ ರಬ್ಬರು ಮಾರಿ ಬಂದೆ.
ಚಿಳ್.

“ಒಳಗೆ ಒರತೆ ಉಂಟು,” ಅಂದರು,
“ಸಣ್ಣದು. ಆದರೆ ನಿಲ್ಲುವುದಲ್ಲ.”
ಕಿವಿಯ ಮೇಲಿಂದ ಪೆನ್ಸಿಲು ತೆಗೆದು
ತಡವಿ ಹಲಗೆಗೊಂದು ಗೀಟು.
ಮತ್ತೊಂದು.
ಪೆರ್ಲದ ಬಸ್ಸು ಹಾರ್ನು ಹಾಕಿದಾಗ ಮೂವತ್ತೆಂಟು.

ಬುಧವಾರ ಮರಿಗಳು ನೀರಿಗೆ ಉದುರಿದವಂತೆ.
ನಾನು ನೋಡಲಿಲ್ಲ, ಗೈಡು ಕೇಳಿ ಬಂದವರಿದ್ದರು.
ಮೊನ್ನೆ ಹಲಗೆಗೆ ಬಣ್ಣ ಬಳಿದಾಗ ಸೀದಿಕುಂಞಿ
ಗೀಟುಗಳಿದ್ದಷ್ಟು ಜಾಗ ಹಾಗೇ ಬಿಟ್ಟಿದ್ದಾನೆ.
ಯಾಕೆಂದು ನಾನು ಕೇಳಿಲ್ಲ. ಅವನೂ ಹೇಳಿಲ್ಲ.
ನಾಡಿದ್ದು ಸೋಮವಾರ. ಕ್ಯಾನು ತೊಳೆದಿಡಬೇಕು.